ಮೂರರ ಹರೆಯಕ್ಕೆ ಹೋಮ್‌ವರ್ಕಿನ ಶಿಕ್ಷೆ

ಎಲ್.ಕೆ.ಜಿ. ಪ್ರವೇಶದ ಗಡಿಬಿಡಿ ಆರಂಭವಾದರೆ ಸಾಕು, ಮೂರೂವರೆ ವರ್ಷದ ಮಗುವನ್ನು ಮುಖ್ಯೋಪಾಧ್ಯಾಯರ ಮುಂದೆ ನಿಲ್ಲಿಸಿ ಬಣ್ಣಗಳ ಹೆಸರು ಕೇಳಲಾಗುತ್ತದೆ. ಮಗು ಬಾಯಿ ಬಿಡದಿದ್ದರೆ ತಾಯಿ ತಲೆ ತಗ್ಗಿಸುತ್ತಾಳೆ. ನಿಜವಾಗಿ ತಲೆ ತಗ್ಗಿಸಬೇಕಾದವರು ಯಾರು?

ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ ಕೂಡದೆಂದು ಯಶ್‌ಪಾಲ್ ಸಮಿತಿ 1993ರಲ್ಲೇ ಹೇಳಿತ್ತು. ಆದರೆ 2002ರ 86ನೇ ಸಂವಿಧಾನ ತಿದ್ದುಪಡಿಯು ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ್ದು 6ರಿಂದ 14 ವರ್ಷದವರಿಗೆ ಮಾತ್ರ. ಆರಕ್ಕಿಂತ ಕೆಳಗಿನವರ ಪಾಲಿಗೆ ಬಂದದ್ದು ‘ಸರಕಾರ ಪ್ರಯತ್ನಿಸಲಿ’ ಎಂಬ ಮಾತಷ್ಟೆ. ಆ ತೆರವಿಗೆ ಮಾರುಕಟ್ಟೆ ನುಗ್ಗಿತು. 2020ರ ಶಾಲಾ ಬ್ಯಾಗ್ ನೀತಿ ಪೂರ್ವ ಪ್ರಾಥಮಿಕ ಮಕ್ಕಳಿಗೆ ಬ್ಯಾಗೇ ಬೇಡವೆಂದಿತು. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಹಂತದ ಕಲಿಕೆಯ ಕೇಂದ್ರದಲ್ಲಿ ಆಟವನ್ನೇ ಇರಿಸಿತು. ಆದರೂ ಪುಟ್ಟ ಬೆನ್ನುಗಳ ಮೇಲಿನ ಚೀಲ ಇಳಿದಿಲ್ಲ.

ಮೂರರ ಹರೆಯದಲ್ಲಿ ಮಣಿಕಟ್ಟಿನ ಎಂಟು ಎಲುಬುಗಳಲ್ಲಿ ಹೆಚ್ಚಿನವು ಇನ್ನೂ ಗಟ್ಟಿಯಾಗಿರುವುದಿಲ್ಲ. ಆ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ಬರೆಸುತ್ತೇವೆ. ಮಣ್ಣು ಕಲಸುವಾಗ, ಚಪಾತಿ ಹಿಟ್ಟು ನಾದುವಾಗ ಅದೇ ಬೆರಳುಗಳು ತಾವಾಗಿಯೇ ಬಲಗೊಳ್ಳುತ್ತವೆ. ಚೆನ್ನೆಮಣೆಯ ಗುಳಿಗಳಿಗೆ ಒಂದೊಂದೇ ಕಾಯಿ ಹಾಕುವ ಮಗುವಿಗೆ ಎಣಿಕೆಯೆಂದರೇನೆಂದು ತಿಳಿಯುತ್ತದೆ. ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿಗೆ ಅದು ತಿಳಿದಿರಬೇಕೆಂದಿಲ್ಲ. ಅಡುಗೆಯಾಟದಲ್ಲಿ ‘ನಾನು ಅಮ್ಮ, ನೀನು ಅಂಗಡಿಯವ’ ಎನ್ನುವ ಮಗು ಮಾತು ಕಲಿಯುತ್ತದೆ, ಸರದಿ ಕಾಯಲು ಕಲಿಯುತ್ತದೆ, ಜಗಳವಾಡಿ ರಾಜಿಯಾಗಲೂ ಕಲಿಯುತ್ತದೆ. ಇದನ್ನು ಯಾವ ವರ್ಕ್‌ಬುಕ್ ಕಲಿಸೀತು?

‘ಹೆತ್ತವರೇ ಹೋಮ್‌ವರ್ಕ್ ಕೇಳುತ್ತಾರೆ’ ಎನ್ನುತ್ತವೆ ಶಾಲೆಗಳು. ಈ ಮಾತಿನಲ್ಲಿ ಸತ್ಯವಿದೆ. ಪಕ್ಕದ ಮನೆಯ ಮಗು ಇಂಗ್ಲಿಷ್ ಪದ್ಯ ಹೇಳಿದರೆ ನಮಗೆ ನಿದ್ದೆ ಬರುವುದಿಲ್ಲ. ಕೂಲಿ ಮಾಡುವ ತಂದೆಗೆ ತನ್ನ ಮಗು ಹಿಂದುಳಿದೀತೆಂಬ ಭಯವಿರುವುದು ಸಹಜವೇ. ಆದರೆ ಆ ಭಯವನ್ನೇ ಬಂಡವಾಳ ಮಾಡಿಕೊಂಡು ಶುಲ್ಕ ವಸೂಲು ಮಾಡುವುದು ಶಿಕ್ಷಣವೇ?

ಹಾಡು, ಕತೆ, ಆಟಗಳಿರುವ ಅಂಗನವಾಡಿಯನ್ನು ‘ಅಲ್ಲಿ ಏನೂ ಕಲಿಸುವುದಿಲ್ಲ’ ಎಂದು ಹೀಗಳೆಯುತ್ತೇವೆ. 1975ರಲ್ಲಿ ಟಿ. ನರಸೀಪುರದಿಂದ ರಾಜ್ಯದಲ್ಲಿ ಆರಂಭವಾದ ಆ ವ್ಯವಸ್ಥೆಗೆ ಬೇಕಿರುವುದು ನಮ್ಮ ತಿರಸ್ಕಾರವಲ್ಲ. ಅಂಗಳ, ಆಟಿಕೆ, ತರಬೇತಿ ಮತ್ತು ಕಾರ್ಯಕರ್ತೆಯರಿಗೆ ಮರ್ಯಾದೆಯ ವೇತನ.

ಇಂದು ಸಂಜೆ ಮಗು ಮೈಯೆಲ್ಲಾ ಮಣ್ಣು ಮಾಡಿಕೊಂಡು ಬಂದರೆ ಗದರಬೇಡಿ. ಅದು ತನ್ನ ಪಾಠ ಮುಗಿಸಿ ಬಂದಿದೆ. ನಾವು ನಮ್ಮ ಪಾಠ ಕಲಿಯುವುದು ಯಾವಾಗ?