ಪಾಲಾರಿನ ನೀರೂ ಚರ್ಮದ ಉದ್ಯಮವೂ

ನಂದಿದುರ್ಗದ ಬಳಿ ಹುಟ್ಟಿ ತಮಿಳುನಾಡಿಗೆ ಹರಿಯುವ ಪಾಲಾರ್ ನದಿಯು ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಚರ್ಮದ ಕಾರ್ಖಾನೆಗಳ ಕೊಳೆನೀರಿನಿಂದ ಕೆಟ್ಟಿದೆ. ಹಿಂದೆ ಅಲ್ಲಿ ತಂಗಡಿ ತೊಗಟೆಯಿಂದ ವಾರಗಟ್ಟಲೆ ಚರ್ಮವನ್ನು ಹದಗೊಳಿಸುತ್ತಿದ್ದರು. ಕ್ರೋಮ್ ಲವಣವು ಬಂದ ಮೇಲೆ ಕೆಲಸವು ಬೇಗ ಮುಗಿಯತೊಡಗಿತು, ವಿಷವು ಮಾತ್ರ ಹಿಂದುಳಿಯಿತು.

ಕೆಡಿಸಿದವನೇ ದಂಡ ತೆರಬೇಕೆಂಬ ತತ್ತ್ವವನ್ನು ಸುಪ್ರೀಂ ಕೋರ್ಟು 1996ರಲ್ಲಿಯೇ ಎತ್ತಿಹಿಡಿಯಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯವು ಪರಿಹಾರಕ್ಕಾಗಿ ಮತ್ತೆ ಆಜ್ಞೆ ಮಾಡಬೇಕಾಯಿತೆಂದರೆ ನಡುವಣ 29 ವರ್ಷ ಏನಾಯಿತು?

ಚೆನ್ನೈಯ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯು ನೀರಿಲ್ಲದೆ ಕ್ರೋಮ್ ಹದ ಮಾಡುವ ವಿಧಾನವನ್ನು ರೂಪಿಸಿದೆ. ವಿದ್ಯೆಗೆ ಕೊರತೆಯಿಲ್ಲ, ಖರ್ಚನ್ನು ಹೊರುವವರಾರೆಂಬುದೇ ಪ್ರಶ್ನೆ. ಮಾಲಿಕನೂ ವಿದೇಶೀ ಗಿರಾಕಿಯೂ ಅದನ್ನು ಹೊರಲಿ. ಕೂಲಿಯವನ ಸಂಬಳದಿಂದ ಕಳೆಯಕೂಡದೆಂಬುದು ನಮ್ಮ ಮತ. ಕಾರ್ಖಾನೆ ಮುಚ್ಚಿದರೆ ಹಸಿಯುವವನೂ, ನೀರು ಕೆಟ್ಟರೆ ಬಾಯಾರುವವನೂ ಅವನೇ.