ಸಡಿಲ ಅಂದ್ರೆ ದೊಡ್ಡ ಸೈಜ್ ಅಲ್ಲ ಕಣ್ರೀ!

ಡಿಸೆಂಬರ್ ಬಂತೆಂದರೆ ನಮ್ಮ ರಾಬರ್ಟ್‌ಸನ್‌ಪೇಟೆಯ ಮನೆಗಳಲ್ಲಿ ಟ್ರಂಕಿನ ತಳದಲ್ಲಿದ್ದ ಸ್ವೆಟರುಗಳೆಲ್ಲ ಹೊರಗೆ ಬರುತ್ತವೆ. ಸೈನೈಡ್ ದಿಬ್ಬಗಳ ಕಡೆಯಿಂದ ಬೀಸೋ ಗಾಳಿಗೆ ಮೈ ನಡುಗುತ್ತದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಮನೆಗಳಿಗೆ ಬೆಂಗಳೂರಿನ ರೈಲೇ ಅನ್ನದ ದಾರಿ. ಬೆಳಗಿನ ಜಾವ ಆ ರೈಲು ಹಿಡಿಯುವ ಹೆಣ್ಣುಮಕ್ಕಳನ್ನು ಒಮ್ಮೆ ನೋಡಿ. ಸೀರೆಯ ಮೇಲೋ ಚೂಡಿದಾರದ ಮೇಲೋ ಒಂದು ಸ್ವೆಟರ್ ಇದ್ದೇ ಇರುತ್ತದೆ. ಅದರಲ್ಲಿ ಅರ್ಧಕ್ಕರ್ಧ ಭುಜದಿಂದ ಜಾರುತ್ತಿರುತ್ತವೆ, ಇಲ್ಲವೇ ಕಂಕುಳಲ್ಲಿ ಬಿಗಿಯುತ್ತಿರುತ್ತವೆ. ಯಾಕೆ ಹೀಗೆ?

ನಾನೂ ಈ ತಪ್ಪು ಮಾಡಿದವಳೇ. ನಮ್ಮತ್ತೆಯವರಿಗೆ ಬಲಗಡೆಯ ಭುಜ ಹಿಡಿದುಕೊಂಡು ಕೈ ಮೇಲೆತ್ತಲು ಆಗುತ್ತಿರಲಿಲ್ಲ. ತಲೆಯ ಮೇಲಿಂದ ಹಾಕಿಕೊಳ್ಳುವ ಸ್ವೆಟರ್ ಸಾಧ್ಯವೇ ಇಲ್ಲ. ಮುಂದೆ ಗುಂಡಿ ಇರುವ, ಸಡಿಲವಾದ ಕಾರ್ಡಿಗನ್ ಹೆಣೆಯೋಣ ಅಂದುಕೊಂಡೆ. (ಕ್ರಿಮಿಯಾ ಯುದ್ಧದ ಬ್ರಿಟಿಷ್ ಸೇನಾಧಿಕಾರಿ ಕಾರ್ಡಿಗನ್ ದೊರೆಯ ಹೆಸರು ಈ ಉಡುಪಿಗೆ ಬಂದದ್ದಂತೆ. ಯುದ್ಧಕ್ಕೆ ಹೋದವನ ಹೆಸರು ನಮ್ಮ ಅಡುಗೆಮನೆಯವರೆಗೆ ಬಂತು ನೋಡಿ!) ಅತ್ತೆಯ ಎದೆಯ ಸುತ್ತಳತೆ 36 ಇಂಚು. ಸಡಿಲ ಬೇಕಲ್ವಾ ಅಂತ ಪುಸ್ತಕದಲ್ಲಿದ್ದ 44ರ ಸೈಜನ್ನೇ ಹಿಡಿದು ಹೆಣೆದುಬಿಟ್ಟೆ. ಹತ್ತಿರ ಹತ್ತಿರ ಎರಡು ತಿಂಗಳ ಕೆಲಸ, 400 ಗ್ರಾಂ ಉಲ್ಲನ್.

ಹಾಕಿ ನೋಡಿದರೆ ಭುಜದ ಹೊಲಿಗೆ ತೋಳಿನ ಮೇಲೆ! ಕತ್ತು ಅಗಲವಾಗಿ ಹಿಂದಕ್ಕೆ ಜಾರುತ್ತಿತ್ತು, ತೋಳು ಬೆರಳುಗಳನ್ನೆಲ್ಲ ಮುಚ್ಚಿತ್ತು. ಜಾರಿದ್ದನ್ನು ಮೇಲಕ್ಕೆಳೆದುಕೊಳ್ಳಬೇಕಾದರೆ ಕೈ ಎತ್ತಬೇಕು. ಕೈ ಎತ್ತಲಾಗದವರಿಗೇ ನಾನು ಅದನ್ನು ಹೆಣೆದಿದ್ದೆ. ಅತ್ತೆ ಏನೂ ಅನ್ನಲಿಲ್ಲ. "ಚೆನ್ನಾಗಿದೆ ಕಣಮ್ಮ" ಅಂದರು. ಮಾರನೆಯ ದಿನದಿಂದ ಹಳೆಯ ಶಾಲನ್ನೇ ಹೊದ್ದುಕೊಂಡರು. ಆ ಶಾಲು ನೋಡಿದಾಗಲೆಲ್ಲ ನನಗೆ ಚುಚ್ಚುತ್ತಿತ್ತು.

"ಅಷ್ಟು ಕಷ್ಟ ಯಾಕೆ, ರೆಡಿಮೇಡ್ ತಗೊಳ್ಳಬಾರದಾ?" ಅಂತೀರಿ. ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಅಲ್ಲೂ ಇದೇ ಕಥೆ. ಮೈಗೆ ಸಡಿಲ ಬೇಕೆಂದು ಎರಡು ಸೈಜ್ ದೊಡ್ಡದು ತಂದರೆ ಭುಜವೂ ಜೊತೆಗೇ ದೊಡ್ಡದಾಗಿರುತ್ತದೆ. ನಮಗೆ ಸಡಿಲ ಬೇಕಾಗಿರೋದು ಎದೆ, ಸೊಂಟ, ರಟ್ಟೆಯ ಹತ್ತಿರ. ಕತ್ತು, ಭುಜ ಮಾತ್ರ ನಮ್ಮ ಅಳತೆಗೇ ಕೂತಿರಬೇಕು. ಭುಜ ಕೂತರೆ ತಾನೇ ಉಳಿದದ್ದು ಇಳಿಬೀಳೋದು? ಇದು ಕೈಯಲ್ಲಿ ಹೆಣೆದರೆ ಮಾತ್ರ ನಮ್ಮ ಹಿಡಿತಕ್ಕೆ ಸಿಗುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಹಾಗಾದರೆ ಪ್ಯಾಟರ್ನ್ ಎಲ್ಲಿ ಹುಡುಕೋದು? ಹಳೆಯ ಪುಸ್ತಕವಾದರೂ ಸರಿ, ಮೊಬೈಲಿನಲ್ಲಿ ಸಿಕ್ಕಿದ್ದಾದರೂ ಸರಿ, ಫೋಟೋ ನೋಡಿ ಮರುಳಾಗಬೇಡಿ. ಬಿಡಿಬಿಡಿ ಭಾಗಗಳ ಅಳತೆಯ ಚಿತ್ರ ಇದೆಯಾ ನೋಡಿ. ಅದಿಲ್ಲದ ಪ್ಯಾಟರ್ನ್ ಎಷ್ಟು ಚೆಂದವಿದ್ದರೂ ಬಿಟ್ಟುಬಿಡಿ. ಕಡ್ಡಿಯ ನಂಬರಿನಲ್ಲೂ ಮೋಸ ಹೋಗಬೇಡಿ. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 8ನೇ ನಂಬರ್ ಅಂದರೆ 4 ಮಿಲಿಮೀಟರ್. ಅಮೆರಿಕದ ಪುಸ್ತಕದ 8 ಅಂದರೆ 5 ಮಿಲಿಮೀಟರ್. ನಮ್ಮದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣದಾಗುತ್ತದೆ, ಅವರದರಲ್ಲಿ ದಪ್ಪವಾಗುತ್ತದೆ. ಮಿಲಿಮೀಟರ್ ನೋಡಿಯೇ ಕಡ್ಡಿ ಹಿಡಿಯಿರಿ.

ಇನ್ನು ಎಲ್ಲರೂ ಸೋಮಾರಿತನ ಮಾಡುವ ವಿಷಯ. ಮೊದಲು ಆರಿಂಚು ಚೌಕದ ಒಂದು ತುಂಡು ಹೆಣೆದು, ಒಗೆದು, ಒಣಗಿಸಿ, ನಡುವಿನ ನಾಲ್ಕು ಇಂಚಿನಲ್ಲಿ ಎಷ್ಟು ಕುಣಿಕೆ ಇವೆ ಅಂತ ಎಣಿಸಿ. ಪುಸ್ತಕದ ಪ್ರಕಾರ ಇಂಚಿಗೆ ಐದೂವರೆ ಕುಣಿಕೆ, ನಿಮ್ಮ ಕೈಯಲ್ಲಿ ಐದೇ ಬಂತು ಅಂದುಕೊಳ್ಳಿ. ಅರ್ಧ ಕುಣಿಕೆ ತಾನೇ ಅಂತ ಬಿಟ್ಟರೆ, 42 ಇಂಚು ಬರಬೇಕಾದ ಕಾರ್ಡಿಗನ್ 46 ಇಂಚಾಗುತ್ತದೆ!

ಎರಡನೇ ಸಲ ನಾನು ಮಾಡಿದ್ದು ಇಷ್ಟು. ಅತ್ತೆಯ ಭುಜದಿಂದ ಭುಜಕ್ಕೆ 14 ಇಂಚು. ಒಳಗೆ ಸೆರಗಿನ ದಪ್ಪ ಇರುತ್ತದಲ್ಲ, ಅದಕ್ಕೆ ಅರ್ಧ ಇಂಚು ಸೇರಿಸಿದೆ. ಪುಸ್ತಕದಲ್ಲಿ ಈ ಭುಜಕ್ಕೆ ಹೊಂದಿದ್ದು 38ರ ಸೈಜ್. ಕತ್ತು, ಭುಜ ಅದರದ್ದೇ ಇಟ್ಟುಕೊಂಡೆ. ಮೈಯನ್ನು ಮಾತ್ರ 42 ಇಂಚು ಮಾಡಿದೆ. ಅಂದರೆ ಬೆನ್ನಿಗೆ 95 ಕುಣಿಕೆಯ ಬದಲು 105. ಹೆಚ್ಚಾದ ಹತ್ತನ್ನು ಕಂಕುಳ ಹತ್ತಿರವೇ ಕಳೆದೆ; ಒಂದೊಂದು ಬದಿಗೆ 11 ಕುಣಿಕೆ ಇಳಿಸುವ ಕಡೆ 16 ಇಳಿಸಿದೆ. ಮುಂದಿನ ಎರಡು ಭಾಗಗಳಿಗೂ ಹಾಗೇ. ಕಂಕುಳನ್ನು ಒಂದಿಂಚು ಆಳ ಮಾಡಿ, ರಟ್ಟೆಯ ಅಗಲಕ್ಕೆ ಎರಡಿಂಚು ಕೂಡಿಸಿದೆ. ಮೈಯಲ್ಲಿ ಕಂಕುಳಿಗೆ ಎಷ್ಟು ಕುಣಿಕೆ ಮುಚ್ಚುತ್ತೀರೋ ತೋಳಿನಲ್ಲೂ ಅಷ್ಟೇ ಮುಚ್ಚಬೇಕು, ಇಲ್ಲದಿದ್ದರೆ ಹೊಲಿಯುವಾಗ ಸುಕ್ಕು ಬೀಳುತ್ತದೆ. ಲೆಕ್ಕ ಬೇಡ ಅನ್ನುವವರು ಭುಜ ಇಳಿಬಿದ್ದಂತಿರುವ ಡ್ರಾಪ್ ಶೋಲ್ಡರ್ ಮಾದರಿ ಆರಿಸಿಕೊಳ್ಳಿ. ಆದರೆ ಭುಜ ಎಷ್ಟು ಇಂಚು ಕೆಳಗಿಳಿಯುತ್ತದೋ ಅಷ್ಟನ್ನು ತೋಳಿನ ಉದ್ದದಲ್ಲಿ ಕಳೆಯಲು ಮರೆಯಬೇಡಿ.

ಉಲ್ಲನ್ ಹೊಸದು ತರಲಿಲ್ಲ. ಆ 44ರದನ್ನೇ ಬಿಚ್ಚಿದೆ. ಮೊದಲ ಸಾಲು ಬಿಚ್ಚುವಾಗ ಹೊಟ್ಟೆ ಉರಿದಿದ್ದು ನಿಜ. ಪಕ್ಕದ ಮನೆಯ ಅಕ್ಕ "ಅಯ್ಯೋ, ಯಾರಿಗಾದ್ರೂ ಕೊಟ್ಬಿಡೇ" ಅಂದರು. ಕೊಡಲು ಮನಸ್ಸು ಬರಲಿಲ್ಲ. ಬಿಚ್ಚಿದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಕಟ್ಟಿ, ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ನೆರಳಿಗೆ ಹಾಕಿದರೆ ಗುಂಗುರು ಬಹುಪಾಲು ಹೋಗುತ್ತದೆ.

ಸಣ್ಣ ಗುಂಡಿಗಳ ಬದಲು ದೊಡ್ಡವು ಐದು ಹಾಕಿದೆ. ನೋವಿರುವ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು, ಬಿಚ್ಚುವಾಗ ಅದು ಕೊನೆಗೆ ಬರಬೇಕು. ಒಗೆದ ಮೇಲೆ ತಂತಿಗೆ ನೇತುಹಾಕಬೇಡಿ, ಚಾಪೆಯ ಮೇಲೆ ಹರಡಿ. ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಮೊಣಕಾಲು ಮುಟ್ಟುತ್ತದೆ.

ಸಂಕ್ರಾಂತಿಯ ಬೆಳಿಗ್ಗೆ ಅತ್ತೆ ಯಾರ ಸಹಾಯವೂ ಇಲ್ಲದೆ ಅದನ್ನು ಹಾಕಿಕೊಂಡರು. ಭುಜ ಜಾರಲಿಲ್ಲ. ಎಳ್ಳು ಬೀರಲು ಹೊರಟವರು ಬಾಗಿಲ ಹತ್ತಿರ ತಿರುಗಿ, "ಎಲ್ಲಾ ಸರಿ ಕಣಮ್ಮ, ಕನ್ನಡಕ ಇಟ್ಕೊಳ್ಳೋಕೆ ಜೇಬೆಲ್ಲಿ?" ಅಂದರು. ಮಿಕ್ಕ ಉಲ್ಲನ್‌ನಲ್ಲಿ ಐದಿಂಚಿನ ಎರಡು ಚೌಕ ಹೆಣೆದು ಹೊಲಿದುಕೊಟ್ಟೆ.