ನೂರರ ಎಲ್ಫ್, ಇಪ್ಪತ್ತರ ನಾವು

ರಿಚರ್ಡ್ಸ್ ಟೌನ್ ಪಾರ್ಕಿನ ಹತ್ತಿರ ಹಳೇ ಮನೆಯೊಂದರ ಔಟ್‌ಹೌಸ್‌ನಲ್ಲಿ ನಾವು ಬಾಡಿಗೆಗೆ ಇದ್ದೀವಿ. ಶನಿವಾರ ಸಂಜೆ ಐದು ಜನ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡ್ತೀವಿ. ಡೈಸ್ ಉರುಳಿಸುತ್ತಾ ಕಥೆ ಕಟ್ಟುವ ಆಟ. ಮೊನ್ನೆ ಹೊಸದಾಗಿ ಸೇರಿದ ಗೆಳೆಯ ಎಲ್ಫ್ ಪಾತ್ರ ಆರಿಸಿಕೊಂಡು, ವಯಸ್ಸಿನ ಜಾಗದಲ್ಲಿ 90 ಅಂತ ಬರೆದ. “ಲೋ ಮಗಾ, ಇವನಿನ್ನೂ ಮೈನರ್ರು” ಅಂತ ಶುರುವಾದ ಜಗಳ ರಾತ್ರಿ ಹನ್ನೊಂದಾದರೂ ಮುಗಿಯಲಿಲ್ಲ.

ಇಂಜಿನಿಯರಿಂಗ್‌ನವರಲ್ವಾ, ಮೊದಲು ಕ್ಯಾಲ್ಕ್ಯುಲೇಟರ್ ತೆಗೆದ್ವಿ. ಆಟದ ಪುಸ್ತಕದ ಪ್ರಕಾರ ಎಲ್ಫ್‌ಗಳು 750 ವರ್ಷದವರೆಗೂ ಬದುಕಬಹುದು. ಮನುಷ್ಯನಿಗೆ 75 ಅಂತ ಹಿಡಿದರೆ ಹತ್ತರಿಂದ ಭಾಗಿಸಿದರಾಯ್ತು, 90ರ ಎಲ್ಫ್ ಅಂದ್ರೆ 9ರ ಹುಡುಗ. ಆದರೆ ಈ ಲೆಕ್ಕ ನಿಲ್ಲಲ್ಲ. ಅದೇ ಪುಸ್ತಕದಲ್ಲಿ ಎಲ್ಫ್‌ಗಳ ಮೈ ಬೆಳೆಯೋದು ಹೆಚ್ಚುಕಡಿಮೆ ನಮ್ಮ ವಯಸ್ಸಿಗೇ. ಆದರೂ 100ರ ಆಸುಪಾಸಿನಲ್ಲಷ್ಟೇ ಅವರು ತಾವು ದೊಡ್ಡವರಾದ್ವಿ ಅಂತ ಹೇಳಿಕೊಂಡು, ದೊಡ್ಡವರ ಹೆಸರು ಇಟ್ಟುಕೊಳ್ತಾರೆ. ಟೋಲ್ಕಿನ್ ಬರೆದ ಲೋಕದ ಲೆಕ್ಕವೇ ಬೇರೆ. ಅಲ್ಲಿ ಎಲ್ಫ್ ಮೈ ಪೂರ್ತಿ ಬೆಳೆಯೋಕೆ 50 ವರ್ಷ ಬೇಕು. ಹಾಬಿಟ್‌ಗಳು ದೊಡ್ಡವರಾಗೋದು 33ಕ್ಕೆ.

ಅಂದರೆ ಇದು ಭಾಗಾಕಾರದ ಪ್ರಶ್ನೆ ಅಲ್ಲ, ಯಾರು ಎಲ್ಲಿ ಗೆರೆ ಎಳೀತಾರೆ ಅನ್ನೋ ಪ್ರಶ್ನೆ. ನಮ್ಮಲ್ಲೂ ಅಷ್ಟೇ. 1875ರ ಭಾರತೀಯ ಮೆಜಾರಿಟಿ ಕಾಯ್ದೆ 18 ಅನ್ನುತ್ತೆ. ಮದುವೆಗೆ ಹೆಣ್ಣಿಗೆ 18, ಗಂಡಿಗೆ 21. ಎಂಎಲ್‌ಎ ಆಗೋಕೆ 25. ಮತದಾನಕ್ಕೆ 21 ಇದ್ದದ್ದು ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ 18 ಆಯ್ತು. ಆ ವರ್ಷ ಹುಡುಗರ ಬುದ್ಧಿ ರಾತ್ರೋರಾತ್ರಿ ಬೆಳೀಲಿಲ್ಲ. ಇವರನ್ನು ನಂಬೋಣ ಅಂತ ದೇಶ ತೀರ್ಮಾನ ಮಾಡ್ತು, ಅಷ್ಟೇ.

ನಮ್ಮ ಕಥೆಗಳಲ್ಲೂ ವಯಸ್ಸು ಎಣಿಕೆಯಿಂದಲೇ ಬರಬೇಕಂತಿಲ್ಲ. ಯಯಾತಿಯ ಮುಪ್ಪನ್ನು ಹೊತ್ತ ಪುರು ಒಂದೇ ಸಲಕ್ಕೆ ಅಪ್ಪನಿಗಿಂತ ಮುದುಕನಾದ. ಗಿರೀಶ ಕಾರ್ನಾಡರು ಇದನ್ನು ನಾಟಕ ಮಾಡಿದ್ದು ಹೆಚ್ಚುಕಡಿಮೆ ನಮ್ಮ ವಯಸ್ಸಿನಲ್ಲೇ. ‘ಯಯಾತಿ’ ಪ್ರಕಟವಾದದ್ದು 1961ರಲ್ಲಿ, ಅವರು ಹುಟ್ಟಿದ್ದು 1938ರಲ್ಲಿ.

ಈ ಮಾತು ಬಂದಾಗ, ಅಲ್ಲಿವರೆಗೂ ಸುಮ್ಮನಿದ್ದ ಇನ್ನೊಬ್ಬ ಗೆಳೆಯ ಬಾಯಿಬಿಟ್ಟ. ಹೋದ ಸೆಮಿಸ್ಟರ್ ಅವನ ಅಮ್ಮನಿಗೆ ತುರ್ತು ಆಪರೇಷನ್ ಆಯ್ತು. ಅಪ್ಪ ಇಲ್ಲ. ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನು ಇವನೇ, 20 ವರ್ಷದವನು. ಕೈ ನಡುಗ್ತಿತ್ತಂತೆ. ವಾರ ಬಿಟ್ಟು ಕ್ಲಾಸಿಗೆ ಬಂದರೆ ರಜಾ ಅರ್ಜಿ ವಾಪಸ್ಸು: “ಪೋಷಕರ ಸಹಿ ಎಲ್ಲಿ?” ಹಾಸಿಗೆ ಬಿಟ್ಟು ಏಳದ ಅಮ್ಮನ ಕೈಲಿ ಸಹಿ ಹಾಕಿಸೋಕೆ ಅವನು ಮತ್ತೆ ಊರಿನ ಬಸ್ ಹತ್ತಿದ.

ಹಾಗಂತ ನಾವೆಲ್ಲ ದೊಡ್ಡವರಾಗಿಬಿಟ್ಟಿದ್ದೀವಿ ಅಂತ ಹೇಳ್ತಿಲ್ಲ. ಫೀಸು ಇನ್ನೂ ಮನೆಯವರೇ ಕಟ್ತಾರೆ. ಬ್ಯಾಕ್‌ಲಾಗ್ ಬಂದಾಗ “ಮನೆಗೆ ಫೋನ್ ಮಾಡಬೇಡಿ ಸಾರ್, ನಾವು ಅಡಲ್ಟ್ಸು” ಅನ್ನೋರೂ ನಾವೇ. ಕರೆಂಟ್ ಬಿಲ್ ಬಂದಾಗ “ನಾವಿನ್ನೂ ಸ್ಟೂಡೆಂಟ್ಸ್ ಆಂಟಿ” ಅಂತ ಓನರ್ ಮುಂದೆ ಹಲ್ಲು ಕಿರಿಯೋರೂ ನಾವೇ. ಎರಡೂ ಕಡೆ ಲಾಭ ಬೇಕು ಅಂದರೆ ಯಾರೂ ನಂಬಲ್ಲ.

ಅದಕ್ಕೇ ನಮ್ಮ ಕೋರಿಕೆ ಚಿಕ್ಕದು. 18 ದಾಟಿದವರ ರಜಾ ಅರ್ಜಿಗೆ ಅವರದೇ ಸಹಿ ಸಾಕು ಅಂತ ಮಾಡಿ. ಅನುಮಾನ ಬಂದರೆ ಮನೆಗೆ ಫೋನ್ ಮಾಡಿ ವಿಚಾರಿಸಿ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಶಿಕ್ಷೆ ನಮಗೇ ಕೊಡಿ, ಅಪ್ಪ-ಅಮ್ಮನನ್ನು ಕರೆಸಬೇಡಿ. ತಪ್ಪು ಮಾಡಿ ಅದರ ಹೊಣೆ ಹೊರೋಕೆ ಬಿಡದಿದ್ದರೆ, ಯಾವ ವಯಸ್ಸಿಗೂ ಯಾರೂ ದೊಡ್ಡವರಾಗಲ್ಲ.

ಗೆಳೆಯನ ಎಲ್ಫ್ 90ರಲ್ಲೇ ಇದ್ದಾನೆ. ಅವನು ಇನ್ನೂ ಹತ್ತು ವರ್ಷ ಆರಾಮಾಗಿ ಕಾಯಬಹುದು. ನಮ್ಮ ಕೋರ್ಸು ಇರೋದು ನಾಲ್ಕೇ ವರ್ಷ.